ಸಾಕು ಎನ್ನದೆ ಉಳಿದ ಸಾಲು

೧೯೯೧ನೆಯ ಇಸವಿ ನವೆಂಬರ್ ಹದಿನೆಂಟು, ಸೋಮವಾರ. ಚಳಿಗಾಲ ಆಗತಾನೆ ಕಾಲಿಟ್ಟಿತ್ತು. ಬೆಳಗಿನಿಂದ ಬಿಸಿಲು ಬಿದ್ದಿರಲಿಲ್ಲ. ಮಂಜೂ ಅಲ್ಲದ, ಮೋಡವೂ ಅಲ್ಲದ ಒಂದು ಬೂದುಬಣ್ಣ ಬೀದಿಯ ಮೇಲೆ ಮುಚ್ಚಳದಂತೆ ಕುಳಿತಿತ್ತು. ಒಣಗಾಳಿಗೆ ತುಟಿಗಳು ಬಿರಿಯುತ್ತಿದ್ದವು. ಹಲ್ಲಿನ ಆಸ್ಪತ್ರೆಯ ಹೊರಕೋಣೆಗೆ ಬಂದ ಗಂಡಹೆಂಡಿರಲ್ಲಿ ಹೆಂಡತಿ ಸೋಫಾದ ಎಡತುದಿಯಲ್ಲಿ ಕುಳಿತಳು. ಗಂಡ ಗೋಡೆಗೆ ಒರಗಿ ನಿಂತ. ಕೂರಿರೆಂದು ಆಕೆ ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ, ಏಕೆಂದರೆ ಅವನು ಏಕೆ ಕೂರುತ್ತಿಲ್ಲವೆಂಬುದು ಆಕೆಗೆ ಗೊತ್ತಿತ್ತು. ಆಕೆಗೂ ಆ ಸೋಫಾದ ಮೇಲೆ ಕೂರುವ ಮನಸ್ಸಿರಲಿಲ್ಲ. ಇಬ್ಬರೂ ನಿಂತೇ ಇದ್ದರೆ ನೋಡಿದವರು ಏನೆಂದುಕೊಂಡಾರೆಂದು ಕುಳಿತಿದ್ದಳು, ಅಷ್ಟೆ.

ಆ ಸೋಫಾಕ್ಕೆ ಹೊದಿಕೆ ಹಾಕಿದವನು ಆಕೆಯ ಗಂಡನೇ. ಸೋಫಾ, ಕುರ್ಚಿಗಳಿಗೆ ಸ್ಪ್ರಿಂಗು ಕಟ್ಟಿ, ನಾರು ತುಂಬಿ, ಬಟ್ಟೆ ಹೊಡೆಯುವುದು ಅವನ ಕಸುಬು. ಚಪ್ಪಟೆ ತಲೆಯ ಸಣ್ಣ ಮೊಳೆಗಳನ್ನು ಒಂದು ಹಿಡಿ ಬಾಯೊಳಗೆ ಹಾಕಿಕೊಂಡು, ನಾಲಿಗೆಯಿಂದಲೇ ಒಂದೊಂದನ್ನು ತಿರುಗಿಸಿ, ಕೆಳಗಿನ ಮುಂಬಲ್ಲುಗಳ ಮೇಲಿಂದ ತಲೆ ಮುಂದಾಗಿ ತುಟಿಗೆ ತರುತ್ತಿದ್ದ. ಕೈ ಅದನ್ನು ತೆಗೆದು ಚೌಕಟ್ಟಿಗಿಡುತ್ತಿತ್ತು. ಸುತ್ತಿಗೆ ಎರಡೇ ಪೆಟ್ಟಿಗೆ ಅದನ್ನು ಕೂರಿಸುತ್ತಿತ್ತು. ಬೀದಿಯವರೆಲ್ಲ ಅವನನ್ನು ಮೊಳೆಬಾಯಿ ಎಂದೇ ಕರೆಯುತ್ತಿದ್ದರು. ಅಂಗಡಿಯ ಮುಂಭಾಗದಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ದಿಂಬಿನ ಚೀಲ ಹೊಲಿಯುತ್ತಿದ್ದ ಹೆಂಡತಿಯೂ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಿದ್ದಳು.

ಈ ಕಸುಬು ಒಬ್ಬನದಲ್ಲ, ಇಬ್ಬರದು. ಒಬ್ಬ ಎರಡೂ ಕೈಯಿಂದ ಬಟ್ಟೆ ಎಳೆದು ಹಿಡಿಯಬೇಕು, ಇನ್ನೊಬ್ಬ ಮೊಳೆ ಹೊಡೆಯಬೇಕು. ಎಳೆಯುವವನು ಅವನ ಅಣ್ಣ. ಮೊದಲು ಅಣ್ಣನೂ ಬಾಯಲ್ಲಿ ಮೊಳೆ ಇಟ್ಟುಕೊಳ್ಳುತ್ತಿದ್ದವನೇ. ೧೯೮೬ರ ಜೂನ್ ತಿಂಗಳಲ್ಲಿ ಒಸಡು ಕೊಳೆತು, ಕೆಳಗಿನ ನಾಲ್ಕು ಮುಂಬಲ್ಲುಗಳು ಒಂದರ ಹಿಂದೆ ಒಂದು ಅಲ್ಲಾಡಿ ಬಿದ್ದುಹೋದವು. ಆ ಸಂದಿಯಿಂದ ಮೊಳೆಗಳು ಜಾರತೊಡಗಿದ ಮೇಲೆ ಅಣ್ಣ ಸುತ್ತಿಗೆಯನ್ನು ತಮ್ಮನಿಗೆ ಕೊಟ್ಟು ತಾನು ಬಟ್ಟೆ ಹಿಡಿದ. ಬಟ್ಟೆ ಬಿಗಿಯಾದಾಗ "ಹ್ಞೂಂ" ಎನ್ನುತ್ತಿದ್ದ. ತಮ್ಮನ ನಾಲಿಗೆ ಮೊಳೆಯನ್ನು ತುಟಿಗೆ ತರುತ್ತಿತ್ತು. ಸಾಲು ಮುಗಿದಾಗ "ಸಾಕು" ಎನ್ನುತ್ತಿದ್ದ. ತಮ್ಮ ಬಾಯಲ್ಲಿ ಉಳಿದ ಮೊಳೆಗಳನ್ನು ಡಬ್ಬಿಗೆ ಉಗಿಯುತ್ತಿದ್ದ. ಇಡೀ ಮಧ್ಯಾಹ್ನ ಈ ಎರಡು ಮಾತುಗಳ ಹೊರತು ಅವರ ನಡುವೆ ಬೇರೆ ಮಾತಿರುತ್ತಿರಲಿಲ್ಲ. ಹಲ್ಲುಹೋದ ಬಾಯಿಂದ ಆ ಸಾಕು ಎಂಬುದು ಸ್ಸಾಕು ಎಂದು ಗಾಳಿ ಸೇರಿಸಿಕೊಂಡು ಬರುತ್ತಿತ್ತು. ಅದನ್ನು ಕೇಳಿ ಹೊಲಿಗೆಯಂತ್ರದ ಮುಂದೆ ಕುಳಿತವಳು ಎಷ್ಟೋ ಸಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದುಂಟು.

೧೯೯೧ರ ಮಾರ್ಚ್ ನಾಲ್ಕು, ಸೋಮವಾರ ಮಧ್ಯಾಹ್ನ ಮೂರರ ಹೊತ್ತಿಗೆ, ಇದೇ ಆಸ್ಪತ್ರೆಯ ಸೋಫಾದ ಹಿಂದಿನ ಸಾಲಿಗೆ ಮೊಳೆ ಬೀಳುತ್ತಿತ್ತು. ಬಲತುದಿಯಿಂದ ಶುರುವಾದ ಸಾಲು ನಡುಮಧ್ಯಕ್ಕೆ ಬಂದಿತ್ತು. ಬಟ್ಟೆ ಸಡಿಲಾಯಿತು. ಅಣ್ಣ ಹಿಡಿ ಬದಲಾಯಿಸುತ್ತಿದ್ದಾನೆಂದುಕೊಂಡ ತಮ್ಮ, ಮುಖ ಎತ್ತದೆ, ಮುಂದಿನ ಮೊಳೆಯನ್ನು ತುಟಿಯಲ್ಲಿಟ್ಟುಕೊಂಡು ಹ್ಞೂಂ ಎನ್ನುವುದನ್ನೇ ಕಾದ. ಅದು ಬರಲಿಲ್ಲ. ತಲೆಯೆತ್ತಿ ನೋಡಿದಾಗ ಅಣ್ಣ ಸೋಫಾದ ತೋಳಿಗೆ ಕೆನ್ನೆಯಿಟ್ಟು ಕುಳಿತಿದ್ದ. ಬಟ್ಟೆಯ ಅಂಚು ಮುಷ್ಟಿಯಲ್ಲೇ ಇತ್ತು. ಎದೆಬಡಿತ ನಿಂತಿತ್ತು.

ಉಳಿದರ್ಧ ಸಾಲನ್ನು ತಮ್ಮ ಒಬ್ಬನೇ ಹೊಡೆದು ಮುಗಿಸಿ ಸೋಫಾ ಒಪ್ಪಿಸಿದ. ಬಲಗಡೆ ನಗಾರಿಯ ತೊಗಲಿನಂತೆ ಬಿಗಿ, ಎಡಗಡೆ ತುಸು ಸಡಿಲು. ಕುಳಿತವರಿಗೆ ಗೊತ್ತಾಗದು, ಅವನ ಬೆರಳಿಗೆ ಗೊತ್ತಾಗುತ್ತಿತ್ತು, ಆಕೆಯ ಬೆರಳಿಗೂ.

ಅದೇ ವರ್ಷದ ಜೂನ್‌ನಿಂದ ಅವನ ಒಸಡಿನಲ್ಲಿ ರಕ್ತ ಕಾಣಿಸಿತು. ಆಮೇಲೆ ಕೀವು, ಆಮೇಲೆ ಕೆಳಗಿನ ಮುಂಬಲ್ಲುಗಳ ಅಲ್ಲಾಟ. ಅವನು ಕನ್ನಡಿಯ ಮುಂದೆ ನಿಂತು ಬೆರಳಿನಿಂದ ಒಂದೊಂದೇ ಹಲ್ಲು ಮುಟ್ಟಿ ನೋಡಿಕೊಂಡು, ಒಂದು ದಿನ ಹೆಂಡತಿಗೆ ಹೇಳಿದ:

"ಅಣ್ಣಂದು ಯಾವ ಕ್ರಮದಲ್ಲಿ ಅಲ್ಲಾಡ್ತೋ ನಂದೂ ಅದೇ ಕ್ರಮದಲ್ಲಿ ಅಲ್ಲಾಡ್ತಿದೆ ಕಣೇ. ಹಲ್ಲು ಹೋದ್ಮೇಲೆ ಅವನಿದ್ದದ್ದು ಐದು ವರ್ಷ ಇಲ್ಲ."

ಹುಚ್ಚುಚ್ಚಾಗಿ ಮಾತಾಡಬೇಡಿರೆಂದು ಗದರಿಸಿ ಆಕೆ ಒಳಗೆ ಹೋದಳು. ಆಸ್ಪತ್ರೆಗೆ ಎಳೆದು ತಂದವಳು ಆಕೆಯೇ. ಆ ನಾಲ್ಕು ಹಲ್ಲುಗಳು ಉಳಿದರೆ ಗಂಡ ಉಳಿಯುತ್ತಾನೆ ಎಂಬುದು ಅಷ್ಟು ಹೊತ್ತಿಗೆ ಆಕೆಯ ಮನಸ್ಸಿನಲ್ಲೂ ಬೇರು ಬಿಟ್ಟಿತ್ತು. ಗದರಿಸಿದ್ದು ಅವನನ್ನೋ ತನ್ನನ್ನೋ ಎಂದು ಆಕೆಗೇ ತಿಳಿಯದು.

ಹಲ್ಲಿನ ವೈದ್ಯೆ ನಡುವಯಸ್ಸಿನ ಹೆಂಗಸು, ಮುಲಾಜಿಲ್ಲದ ಮಾತಿನವಳು. ಒಸಡನ್ನು ಬಿಡಿಸಿ, ಬೇರಿಗೆ ಕಟ್ಟಿಕೊಂಡಿದ್ದ ಗಾರೆಯಂಥ ಗಟ್ಟಿ ಕೊಳೆಯನ್ನು ಕೆರೆದು ತೆಗೆದು, ಮತ್ತೆ ಒಸಡನ್ನು ಹಲ್ಲಿಗೊತ್ತಿ ಹೊಲಿದು, ಮೇಲೆ ಹಿಟ್ಟಿನಂಥ ಗುಲಾಬಿ ಮದ್ದು ಮೆತ್ತಿದಳು. ಅನಂತರ ಹೆಂಡತಿಯನ್ನು ಒಳಗೆ ಕರೆದು, ಮುಂದೇನು ನಡೆಯಬೇಕೆಂಬುದನ್ನು ವಿವರಿಸಿದಳು. ಒಸಡು ಹಲ್ಲಿಗೆ ಸುಮ್ಮನೆ ಒರಗಿ ನಿಂತಿರುವುದಿಲ್ಲ. ಬೇರಿನಿಂದ ಕೂದಲಿಗಿಂತ ಸಣ್ಣ ನಾರುಗಳು ಹೊರಟು ಒಸಡಿನೊಳಕ್ಕೂ ಮೂಳೆಯೊಳಕ್ಕೂ ಹೊಕ್ಕು ಹಲ್ಲನ್ನು ಹಿಡಿದಿರುತ್ತವೆ. ಇವನಲ್ಲಿ ಆ ನಾರು ಬಹುಪಾಲು ಹರಿದಿದೆ. ಈಗ ಬೇರಿಗೂ ಒಸಡಿಗೂ ನಡುವೆ ಹೆಪ್ಪುಗಟ್ಟಿರುವ ತೆಳ್ಳನೆಯ ರಕ್ತವೇ, ಕಟ್ಟಡಕ್ಕೆ ಕಟ್ಟುವ ಸಾರುವೆಯಂತೆ, ಆಸರೆ. ಅದನ್ನು ಹಿಡಿದುಕೊಂಡೇ ಹೊಸ ಮಾಂಸ ಹತ್ತಬೇಕು. ಮೇಲಿನ ಚರ್ಮಕ್ಕೆ ಅವಸರ, ಒಂದೆರಡು ವಾರದಲ್ಲಿ ಓಡೋಡಿ ಬಂದು ಮುಚ್ಚಿಬಿಡುತ್ತದೆ. ನಾರಿಗೆ ಅವಸರವಿಲ್ಲ, ಅದು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ನಡುವೆ ಯಾರಾದರೂ ಕೆದಕಿ ಹೆಪ್ಪು ಕಿತ್ತರೆ, ಆ ಅವಸರದ ಚರ್ಮ ಸಂದಿಯ ತಳದವರೆಗೂ ಇಳಿದು ಕೂರುತ್ತದೆ. ನಾರಿಗೆ ಜಾಗವೇ ಉಳಿಯುವುದಿಲ್ಲ. ನೋಡುವುದಕ್ಕೆ ಮಾತ್ರ ಎಲ್ಲ ಮುಚ್ಚಿಕೊಂಡಂತಿರುತ್ತದೆ.

"ಕಚ್ಚಾ ಹೊಲಿಗೆ ಹಾಕಿಟ್ಟಿರೋ ಬಟ್ಟೇನ, ಪಕ್ಕಾ ಹೊಲಿಗೆ ಬೀಳೋ ಮೊದಲೇ ಎಳೆದ ಹಾಗೆ" ಎಂದಳು ಹೆಂಡತಿ.

"ಅದೇ ಅಮ್ಮಾ. ಎಲ್ಲಾ ಮೊದಲಿನ ಥರ ಆಗತ್ತೆ ಅಂತ ನಾನು ಆಸೆ ತೋರಿಸಲ್ಲ. ಮೇಲೆ ಚರ್ಮ ಅಂಟಲಿ, ತಳದಲ್ಲಿ ಒಂದಿಷ್ಟು ನಾರು ಹಿಡೀಲಿ. ಹಲ್ಲು ನಿಲ್ಲತ್ತೆ. ಬೆರಳು, ಕಡ್ಡಿ, ನಾಲಿಗೆ, ಏನೂ ಹೋಗಬಾರದು ಅಲ್ಲಿಗೆ."

ಒಂದು ವಾರ ಮೊಳೆಬಾಯಿ ಅಂಗಡಿಗೆ ಬೀಗ ಹಾಕಿ ಮನೆಯಲ್ಲೇ ಇದ್ದ. ಮೆತ್ತಗಿನ ಊಟ, ಉಪ್ಪುನೀರು, ಮಾತ್ರೆ. ಮಾತ್ರೆಯ ಮಂಪರಿಗೆ ಮಧ್ಯಾಹ್ನ ಊಟವಾದ ಕೂಡಲೇ ನಿದ್ದೆ. ನವೆಂಬರ್ ಇಪ್ಪತ್ತೈದರಂದು ವೈದ್ಯೆ ಮದ್ದನ್ನು ಬಿಡಿಸಿ ನೋಡಿದವಳೇ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೊಲಿಗೆ ಒಂದು ಕಡೆ ಹರಿದು, ಒಸಡಿನ ಅಂಚು ಕಳಚಿದ ಅಂಟುಪಟ್ಟಿಯಂತೆ ಎದ್ದುನಿಂತಿತ್ತು.

ಬಾಯಿಗೆ ಏನು ಹಾಕಿಕೊಂಡಿರೆಂದು ವೈದ್ಯೆ ಕೇಳಿದಳು. ಅವನು ದೇವರ ಮೇಲೆ ಆಣೆ ಮಾಡಿ ಏನೂ ಇಲ್ಲವೆಂದ. ಆಕೆ ನಂಬಲಿಲ್ಲ. ಮತ್ತೆ ತೊಳೆದು, ಮತ್ತೆ ಹೊಲಿದು, ಮತ್ತೆ ಮದ್ದು ಮೆತ್ತಿ, ಇನ್ನೊಂದು ಸಲ ಹೀಗಾದರೆ ಹೊಲಿಯಲು ಒಸಡೇ ಇರುವುದಿಲ್ಲ, ಇಕ್ಕಳ ತೆಗೆದುಕೊಳ್ಳುತ್ತೇನೆ ಎಂದು ಕಳಿಸಿದಳು.

ಮರುದಿನ ಮಧ್ಯಾಹ್ನ ಹೆಂಡತಿ ದಿಂಬಿನ ಚೀಲವೊಂದನ್ನು ಹಿಡಿದುಕೊಂಡು ಅವನು ಮಲಗುವ ಕೋಣೆಯಲ್ಲೇ ಕುಳಿತಳು. ಕಿಟಕಿಯ ಬೆಳಕು ಮಂಚದ ಅರ್ಧಕ್ಕೆ ಬಿದ್ದಿತ್ತು. ಗೋಡೆಯ ಗಡಿಯಾರ ಮೂರು ಹೊಡೆದು ಸ್ವಲ್ಪ ಹೊತ್ತಿಗೆ, ಗಾಢನಿದ್ದೆಯಲ್ಲಿದ್ದವನ ದವಡೆ ಅಲುಗಿತು. ಮುಚ್ಚಿದ ತುಟಿಗಳ ಹಿಂದೆ ನಾಲಿಗೆ ಬಲಕ್ಕೆ ಹೋಯಿತು, ಏನನ್ನೋ ಹೆಕ್ಕಿತು, ತಿರುಗಿಸಿತು, ಕೆಳಗಿನ ಮುಂಬಲ್ಲುಗಳ ಮೇಲಿಂದ ಒತ್ತಿ ತುಟಿಗೆ ತಂದಿತು. ಎದೆಯ ಮೇಲಿದ್ದ ಕೈ ಎದ್ದು, ತುಟಿಯಿಂದ ಇಲ್ಲದ ಮೊಳೆಯನ್ನು ತೆಗೆದು, ಮಂಚದ ಅಂಚಿಗಿಟ್ಟಿತು. ಎರಡು ಸಲ ಮೆಲ್ಲಗೆ ತಟ್ಟಿತು. ತುಸು ತಡೆಯಿತು. ಮತ್ತೆ ನಾಲಿಗೆ ಬಲಕ್ಕೆ ಹೋಯಿತು.

ಆ ತಡೆಯುವಿಕೆಯೇ ಹೆಂಡತಿಯನ್ನು ಹೆದರಿಸಿದ್ದು. ಪ್ರತಿ ಮೊಳೆಯ ಮುಂಚೆಯೂ ಅವನು ಕಾಯುತ್ತಿದ್ದ, ತಲೆಯನ್ನು ಎಡಕ್ಕೆ ಕೂದಲೆಳೆಯಷ್ಟು ವಾಲಿಸಿ, ಯಾರೋ ಹ್ಞೂಂ ಎನ್ನುವುದನ್ನು ಕೇಳಿಸಿಕೊಳ್ಳುವವನಂತೆ. ಕೇಳಿಸಿದವನಂತೆಯೇ ಮುಂದಿನದನ್ನು ತರುತ್ತಿದ್ದ.

ಆಕೆ ಭುಜ ಹಿಡಿದು ಅಲ್ಲಾಡಿಸಿದಳು. ಬೆಚ್ಚಿದವನ ನಾಲಿಗೆ ಹಲ್ಲಿಗೆ ಇನ್ನೂ ಬಲವಾಗಿ ಒತ್ತಿ ಮದ್ದಿನ ಒಂದು ಚೂರು ಒಡೆದು ದಿಂಬಿಗೆ ಬಿತ್ತು. ಎಬ್ಬಿಸುವುದೂ ಅಪಾಯವೇ ಎಂದು ಆಗ ತಿಳಿಯಿತು.

"ಅಣ್ಣ ಬಟ್ಟೆ ಎಳ್ಕೊಂಡೇ ಕೂತಿದ್ದಾನೆ" ಎಂದ ಅವನು, ಕಣ್ಣು ಪೂರ್ತಿ ಬಿಡದೆ. "ಸಾಲು ಮುಗೀತಾನೇ ಇಲ್ಲ. ಅವನು ಸಾಕು ಅನ್ನೋವರೆಗೂ ನಾನು ಬಿಡೋ ಹಾಗಿಲ್ವಲ್ಲ."

ರಾತ್ರಿ ಅವನು ಕಲ್ಲಿನಂತೆ ಮಲಗುತ್ತಿದ್ದ, ಕಾಟವೆಲ್ಲ ಮಧ್ಯಾಹ್ನದ್ದು. ಮಲಗಗೊಡದೆ ಕೂರಿಸಿದರೆ ಕುಳಿತಲ್ಲೇ ತೂಕಡಿಸಿ ಅದನ್ನೇ ಮಾಡುತ್ತಿದ್ದ. ವೈದ್ಯೆಗೆ ಹೇಳೋಣವೆಂದರೆ, ಸತ್ತವರ ಜೊತೆ ಕೆಲಸ ಮಾಡುವ ರೋಗಕ್ಕೆ ಆಕೆಯ ಬಳಿ ಯಾವ ಇಕ್ಕಳವಿದ್ದೀತು? ಮೊಳೆಬಾಯಿ ಎಂಬ ಅಡ್ಡಹೆಸರಿನ ಪಕ್ಕದಲ್ಲಿ ಇನ್ನೊಂದು ಅಡ್ಡಹೆಸರು ಸೇರುತ್ತಿತ್ತು, ಅಷ್ಟೆ. ಹೆಂಡತಿ ಹಿತ್ತಲ ಕೋಣೆಗೆ ಹೋದಳು. ಅಲ್ಲಿ ಇದ್ದವಳು ಓರಗಿತ್ತಿ, ತೀರಿಹೋದ ಅಣ್ಣನ ಹೆಂಡತಿ. ಮಾತಿನಲ್ಲಿ ಯಾರನ್ನೂ ಬಿಡದವಳು. ಗಂಡ ಹೋದ ಮೇಲೆ ಮಾತ್ರ ಮಾತನ್ನು ತಿಜೋರಿಯಲ್ಲಿಟ್ಟವಳಂತೆ ಇದ್ದಳು.

ಓರಗಿತ್ತಿ ಎಲ್ಲವನ್ನೂ ಕೇಳಿದಳು. ಹೆದರಲಿಲ್ಲ. ಸೀರೆಯ ಅಂಚನ್ನು ಮಡಿಸುತ್ತ ಬಿಚ್ಚುತ್ತ ಹೇಳಿದಳು:

"ಇದ್ದಾಗ್ಲೂ ಹಗಲೆಲ್ಲ ತಮ್ಮನ ಹತ್ರಾನೇ. ಈಗ್ಲೂ ಬಂದಿರೋದು ತಮ್ಮನ ಹತ್ರಾನೇ ನೋಡು. ಒಂಬತ್ತು ತಿಂಗಳಾಗ್ತಾ ಬಂತು, ನನ್ನ ಕನಸಲ್ಲಿ ಒಂದ್ಸಲ ಇಣುಕಿಲ್ಲ ಪುಣ್ಯಾತ್ಮ."

"ಅಕ್ಕಾ, ನನಗೆ ಭಯ ಆಗ್ತಿದೆ."

"ಭಯ ಯಾಕೆ. ಕೆಲಸ ಅರ್ಧಕ್ಕೆ ನಿಂತಿದೆ, ನಿಲ್ಸೋರು ಬೇಕು. ನಡಿ."

ಮರುದಿನ ಮಧ್ಯಾಹ್ನ ಓರಗಿತ್ತಿ ಒಂದು ಮೋಟು ಮಣೆ ತಂದು ಮಂಚದ ಎಡಬದಿಯಲ್ಲಿ ಕುಳಿತಳು. ಮೂರು ಹೊಡೆಯಿತು. ದವಡೆ ಅಲುಗಿತು. ನಾಲಿಗೆ ಮೊದಲ ಮೊಳೆಯನ್ನು ಹೆಕ್ಕುವಷ್ಟರಲ್ಲಿ ಆಕೆ ಕೆಳತುಟಿಯನ್ನು ಹಲ್ಲಿನ ಮೇಲೆ ಮಡಿಚಿಕೊಂಡು, ದನಿಯನ್ನು ಎದೆಯಾಳಕ್ಕೆ ಇಳಿಸಿ, ಗಾಳಿ ಸೇರಿಸಿ ಅಂದಳು:

"ಸ್ಸಾಕು."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಚೌಕಟ್ಟು ಹಿಡಿದುಕೊಂಡಳು. ಅದು ಭಾವನ ದನಿಯೇ. ಮಲಗಿದ್ದವನ ನಾಲಿಗೆ ನಿಂತಿತು. ಅವನು ಮುಖವನ್ನು ಪಕ್ಕಕ್ಕೆ ಹೊರಳಿಸಿ, ಡಬ್ಬಿಗೆ ಉಗಿಯುವವನಂತೆ ತುಟಿಗಳನ್ನು ಮೆತ್ತಗೆ ತೆರೆದು ಮುಚ್ಚಿದ. ಕೈ ಎದೆಯ ಮೇಲೆ ಬಿಚ್ಚಿಕೊಂಡಿತು. ಆ ಮಧ್ಯಾಹ್ನ ಮತ್ತೆ ಬಾಯಿ ಅಲುಗಲಿಲ್ಲ.

ಸಂಜೆ ಎದ್ದವನ ಮುಖದಲ್ಲಿ ತಿಂಗಳುಗಳಿಂದ ಕಾಣದ ಕಳೆಯಿತ್ತು. ಅಣ್ಣ ಕೊನೆಗೂ ಸಾಕು ಅಂದ ಎಂದು ಹೆಂಡತಿಗೆ ಹೇಳಿದ. ಆಕೆ ಹೌದಾ ಎಂದಳು. ಗೋಡೆಯಾಚೆ ಓರಗಿತ್ತಿ ಪಾತ್ರೆ ತೊಳೆಯುವುದನ್ನು ಒಂದು ಗಳಿಗೆ ನಿಲ್ಲಿಸಿ, ಮತ್ತೆ ತೊಳೆಯತೊಡಗಿದಳು. ಅವನಿಗೆ ಹೇಳಬಾರದೆಂದು ಇಬ್ಬರೂ ಮಾತಾಡಿಕೊಳ್ಳದೆಯೇ ತೀರ್ಮಾನವಾಗಿತ್ತು.

ಹಾಗೆಯೇ ದಿನಗಳು ಸಾಗಿದವು. ದಿನವೂ ಬಾಯಿ ಅಲುಗುತ್ತಿತ್ತು, ದಿನವೂ ಓರಗಿತ್ತಿ ತಡೆಯುತ್ತಿದ್ದಳು. ಆಕೆಯೂ ಬದಲಾದಳು. ಊಟವಾದ ಮೇಲೆ ತಲೆ ಬಾಚಿಕೊಂಡು ಬರತೊಡಗಿದಳು. ಹೆಂಡತಿ ಅದನ್ನು ಗಮನಿಸಿ ಗಮನಿಸದಂತಿದ್ದಳು. ದಿನಕ್ಕೊಮ್ಮೆ, ಒಂದೇ ಮಾತಿನಷ್ಟು ಹೊತ್ತು, ತೀರಿಹೋದವನು ಆ ಕೋಣೆಗೆ ಬರುತ್ತಿದ್ದ. ಬರುತ್ತಿದ್ದದ್ದು ಓರಗಿತ್ತಿಯ ಬಾಯಿಗೇ.

ಡಿಸೆಂಬರ್ ನಾಲ್ಕು, ಬುಧವಾರ. ಓರಗಿತ್ತಿಯ ತಂಗಿಗೆ ಹೆರಿಗೆಯಾಗಿತ್ತು. ಬೆಳಗ್ಗೆಯೇ ಹೊರಟು ಕತ್ತಲಾಗುವಷ್ಟರಲ್ಲಿ ಬರುತ್ತೇನೆಂದಳು. ಹೋಗುವ ಮುನ್ನ ಹೆಂಡತಿಗೆ ಪಾಠವಾಯಿತು: ತುಟಿ ಹೀಗೆ ಮಡಿಚು, ಗಾಳಿ ಹೀಗೆ ಬಿಡು. ಕನ್ನಡಿಯ ಮುಂದೆ ಹೆಂಡತಿ ಎಷ್ಟು ಸಲ ಪ್ರಯತ್ನಿಸಿದರೂ ನಗು ಬರುತ್ತಿತ್ತು, ಆಮೇಲೆ ಅಳು ಬರುತ್ತಿತ್ತು. "ನಿನ್ನ ಬಾಯಲ್ಲಿ ಅವರು ಬೆಕ್ಕು ಸೀನಿದ ಹಾಗೆ ಕೇಳ್ತಾರೆ" ಎಂದು ಬೈದೇ ಓರಗಿತ್ತಿ ಬಸ್ಸಿಗೆ ಹೋದಳು.

ಮಧ್ಯಾಹ್ನ ಹೆಂಡತಿ ಖಾಲಿ ಮಣೆಯ ಮೇಲೆ ಕೂರಲಾರದೆ ಅದರ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಮನೆ ನಿಶ್ಶಬ್ದ. ಮೂರು ಹೊಡೆಯಿತು. ದವಡೆ ಅಲುಗಿತು. ನಾಲಿಗೆ ಬಲಕ್ಕೆ ಹೋಯಿತು. ಆಕೆ ತುಟಿ ಮಡಿಚಿದಳು. ದನಿ ಏಳಲಿಲ್ಲ. ನಾಲಿಗೆ ಮೊಳೆಯನ್ನು ತಿರುಗಿಸಿತು, ಹಲ್ಲಿನ ಹಿಂದಕ್ಕೆ ತಂದಿತು. ಇನ್ನು ಒತ್ತಬೇಕು. ಆಕೆ ಕಣ್ಣುಮುಚ್ಚಿದಳು.

ಕಣ್ಣು ಬಿಟ್ಟಾಗ ನಾಲಿಗೆ ನಿಂತಿತ್ತು. ಅವನು ತಲೆಯನ್ನು ಎಡಕ್ಕೆ, ಖಾಲಿ ಮಣೆಯ ಕಡೆಗೆ ವಾಲಿಸಿದ್ದ. ತುಟಿಗಳು ತೆರೆದು ಮುಚ್ಚಿದವು. ಕೈ ಬಿಚ್ಚಿಕೊಂಡಿತು. ಆಕೆಗೆ ಏನೂ ಕೇಳಿಸಿರಲಿಲ್ಲ.

ಕತ್ತಲಾದ ಮೇಲೆ ಓರಗಿತ್ತಿ ಬಂದು ಚಪ್ಪಲಿ ಬಿಡುತ್ತಿರುವಾಗ ಮೊಳೆಬಾಯಿ ಹೊರಗೇ ಕುಳಿತಿದ್ದ. ಈ ದಿನಗಳಲ್ಲಿ ಅಣ್ಣನ ಸುದ್ದಿಯನ್ನು ಅತ್ತಿಗೆಯ ಎದುರು ಎತ್ತಲು ಅವನು ಹಿಂಜರಿಯುತ್ತಿದ್ದ. ಅಂದು ಅವನೇ ಎತ್ತಿದ.

"ಅತ್ತಿಗೆ, ಇವತ್ತೂ ಅಣ್ಣ ಬಂದಿದ್ದ. ಸಾಕು ಅಂದ."

ಓರಗಿತ್ತಿ ಹೆಂಡತಿಯ ಕಡೆಗೆ, ಪರವಾಗಿಲ್ಲವೇ ಕಲಿತೆಯಲ್ಲ ಎಂಬಂತೆ ನೋಡಿದಳು. ಹೆಂಡತಿ ತಲೆ ಅಲ್ಲಾಡಿಸಿದಳು. ನಾನಲ್ಲ.

"ಆದ್ರೆ ಇಷ್ಟು ದಿನದ ಹಾಗಲ್ಲ" ಎಂದ ಅವನು. "ಇವತ್ತು ಮಾತು ಸ್ಪಷ್ಟವಾಗಿತ್ತು. ಗಾಳಿ ಗೀಳಿ ಇಲ್ಲ. ಹಲ್ಲೆಲ್ಲ ಇದ್ದ ಕಾಲದಲ್ಲಿ ಹೇಗಂತಿದ್ದ, ಹಾಗೆ. ಇನ್ನು ನಾನು ಬರಲ್ಲ ಅನ್ನೋ ಥರ ಇತ್ತು."

ಓರಗಿತ್ತಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಮೆಟ್ಟಿಲ ಮೇಲೆ ಕುಳಿತಳು.

"ಹಲ್ಲು ಬಂದಿದೆಯಾ ಅವರಿಗೆ" ಎಂದಳು, ಬೀದಿಯ ಕಡೆ ನೋಡುತ್ತ. ತುಸು ನಕ್ಕಳು. "ಬಂದ್ರೂ ನಾನು ಮನೇಲಿಲ್ಲದ ದಿನ ನೋಡ್ಕೊಂಡೇ ಬರಬೇಕಿತ್ತಾ. ನನ್ನ ಹತ್ರ ಆಡೋಕೆ ಒಂದು ಮಾತೂ ಇರ್ಲಿಲ್ವಾ."

ಹೆಂಡತಿ ಪಕ್ಕದಲ್ಲಿ ಕುಳಿತು ಆ ಚಪ್ಪಲಿಯನ್ನು ಕೈಯಿಂದ ಬಿಡಿಸಿ ಕೆಳಗಿಟ್ಟಳು. ಮೊಳೆಬಾಯಿ ಇಬ್ಬರ ಮುಖವನ್ನೂ ನೋಡಿದ. ಹಿಂದಿನ ದಿನಗಳ ಸ್ಸಾಕು ಯಾರದೆಂದು ಅವನಿಗೆ ಆಗ ಹೊಳೆಯಿತು. ಎದ್ದು ಹೋಗಿ ಅತ್ತಿಗೆಗೆ ಒಂದು ಲೋಟ ನೀರು ತಂದುಕೊಟ್ಟ.

ಅಂದಿನಿಂದ ಅವನ ಬಾಯಿ ಮಧ್ಯಾಹ್ನ ಅಲುಗಲಿಲ್ಲ.

ಡಿಸೆಂಬರ್ ಒಂಬತ್ತು, ಸೋಮವಾರ ಹೊಲಿಗೆ ಬಿಚ್ಚಿದರು. ಒಸಡು ಮುಚ್ಚಿಕೊಂಡಿತ್ತು, ಮುಟ್ಟಿದರೆ ಕೆಂಪಾಗುವಷ್ಟು ಎಳೆಯದು. ತಳದಲ್ಲಿ ನಾರು ಹಿಡಿದಿದೆಯೇ ಎಂದು ಹೆಂಡತಿ ಕೇಳಿದ್ದಕ್ಕೆ, ಈಗ ಕಡ್ಡಿ ಇಳಿಸಿದರೆ ಹಿಡಿದದ್ದೂ ಹರಿಯುತ್ತದೆ, ಫೆಬ್ರವರಿ ಕೊನೆಯ ವಾರದವರೆಗೆ ನಾನೂ ನೋಡುವಂತಿಲ್ಲ ಎಂದಳು ವೈದ್ಯೆ. ಹಿಂತಿರುಗುವಾಗ ಅವನು ಹೊರಕೋಣೆಯ ಸೋಫಾದ ಬಲತುದಿಯಲ್ಲಿ ಒಂದು ಗಳಿಗೆ ಕುಳಿತೆದ್ದ.

೧೯೯೨ನೆಯ ಇಸವಿ ಫೆಬ್ರವರಿ ಇಪ್ಪತ್ತನಾಲ್ಕರಂದು ಒಸಡಿನ ಸಂದಿಯ ಆಳ ಅಳೆಯುವ, ಗೆರೆ ಹಾಕಿದ ಕಡ್ಡಿಯನ್ನು ಇಳಿಸಿ ನೋಡಲಾಯಿತು. ಮೊದಲು ಏಳು ಗೆರೆ ಮುಳುಗುತ್ತಿದ್ದ ಕಡ್ಡಿ ಮೂರು ಹಲ್ಲುಗಳ ಬಳಿ ಮೂರನೆಯ ಗೆರೆಗೇ ನಿಂತಿತು. ನಾಲ್ಕನೆಯದು, ಎಡತುದಿಯ ಹಲ್ಲು, ಹಿಡಿಯಲಿಲ್ಲ. ಮೊದಲ ಸಲ ಹೊಲಿಗೆ ಹರಿದಿದ್ದದ್ದು ಅಲ್ಲಿಯೇ. ಅದನ್ನು ಮುಂದಿನ ವರ್ಷ ಜನವರಿ ಹನ್ನೊಂದರಂದು ತೆಗೆಸಲಾಯಿತು. ಮೊಳೆಬಾಯಿ ಮತ್ತೆ ಬಾಯಲ್ಲಿ ಮೊಳೆ ಇಟ್ಟುಕೊಳ್ಳಲಿಲ್ಲ. ತಟ್ಟೆಯಲ್ಲಿಟ್ಟುಕೊಂಡು ೨೦೦೭ರವರೆಗೆ ಕೆಲಸ ಮಾಡಿದ. ಬಟ್ಟೆ ಎಳೆದು ಹಿಡಿಯುತ್ತಿದ್ದವಳು ಹೆಂಡತಿ. ಅಡ್ಡಹೆಸರು ಹಾಗೆಯೇ ಉಳಿಯಿತು. ೧೯೯೬ರಲ್ಲಿ ಆಸ್ಪತ್ರೆಗೆ ಪ್ಲಾಸ್ಟಿಕ್ ಕುರ್ಚಿಗಳು ಬಂದಾಗ ಹಳೆಯ ಸೋಫಾವನ್ನು ಅವನು ಮನೆಗೆ ತಂದು ಹಿತ್ತಲ ಕೋಣೆಯಲ್ಲಿ ಹಾಕಿಸಿದ. ಓರಗಿತ್ತಿ ಅದರ ಬಲತುದಿಯಲ್ಲೇ ಕೂರುತ್ತಿದ್ದಳು. ಮಧ್ಯಾಹ್ನ ಮೂರರ ಹೊತ್ತಿಗೆ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ೨೦೦೩ರ ಆಗಸ್ಟ್ ಹತ್ತೊಂಬತ್ತರಂದು ತೀರಿಕೊಂಡಳು. ಮೊಳೆಬಾಯಿ ತೀರಿಕೊಂಡದ್ದು ೨೦೧೨ರ ಏಪ್ರಿಲ್ ಎರಡರಂದು. ಉಳಿದ ಮೂರು ಹಲ್ಲುಗಳು ಕೊನೆಯವರೆಗೂ ಅವನ ಬಾಯಲ್ಲೇ ಇದ್ದವು.